ಪಂಜರದ ಗಿಳಿಯೂ ಶ್ರಾವಕನ ಮನೆಯೂ

ದಶಲಕ್ಷಣ ಪರ್ವದಲ್ಲಿ ವರ್ಷಂಪ್ರತಿ ನಾವು ತತ್ತ್ವಾರ್ಥಸೂತ್ರವನ್ನು ಕೇಳುತ್ತೇವೆ. ಅದರ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಹೇಳಿದ ಅತಿಚಾರಗಳು ಐದು. ಅವುಗಳಲ್ಲಿ ಮೊದಲನೆಯದು ಬಂಧ, ಅಂದರೆ ಜೀವಿಯನ್ನು ಅದರ ಇಚ್ಛೆಯ ಎಡೆಗೆ ಹೋಗಗೊಡದೆ ಕಟ್ಟಿಹಾಕುವುದು. ಇದನ್ನು ಕೇಳಿ ಮನೆಗೆ ಮರಳಿದ ಶ್ರಾವಕನ ಪಡಸಾಲೆಯಲ್ಲಿ ಬೂದುಬಣ್ಣದ ಆಫ್ರಿಕನ್ ಗಿಳಿಯೊಂದು ತಂತಿಯ ಪಂಜರದೊಳಗಿಂದ ‘ಜಯ ಜಿನೇಂದ್ರ’ ಎನ್ನುವುದುಂಟು. ಬಂದ ನೆಂಟರು ಮೆಚ್ಚಿ ನಗುತ್ತಾರೆ. ಈ ಮೆಚ್ಚುಗೆಯನ್ನೇ ಇಲ್ಲಿ ಪರಿಶೀಲಿಸಬೇಕೆಂದು ನನ್ನ ಉದ್ದೇಶ.

ಗಿಳಿ ಮಾತನಾಡುವುದು ಏಕೆ? ಅದು ಗುಂಪಿನ ಪ್ರಾಣಿ. ಕಾಡಿನಲ್ಲಿ ತನ್ನವರ ಕೂಗನ್ನು ಕಲಿತು, ಅದೇ ಕೂಗಿನಿಂದ ಗುಂಪಿನೊಡನೆ ಸಂಬಂಧವನ್ನಿಟ್ಟುಕೊಳ್ಳುತ್ತದೆ. ತನ್ನವರೇ ಇಲ್ಲದ ಮನೆಯಲ್ಲಿ ನಮ್ಮ ಶಬ್ದವನ್ನೇ ಕಲಿಯುತ್ತದೆ. ನಾವು ವಿನೋದವೆಂದು ಕೇಳುವ ಮಾತು ಒಂಟಿಯಾದ ಜೀವಿಯು ಸಂಗಾತಿಯನ್ನು ಅರಸುವ ದನಿ. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಅವರು 1977ರಿಂದ ಅಭ್ಯಾಸ ಮಾಡಿಸಿದ ಅಲೆಕ್ಸ್ ಎಂಬ ಬೂದು ಗಿಳಿ ವಸ್ತುಗಳ ಬಣ್ಣ, ಆಕಾರ, ಸಂಖ್ಯೆಗಳನ್ನು ಗುರುತಿಸಿ ಹೇಳುತ್ತಿತ್ತು, 2007ರಲ್ಲಿ ತೀರಿಕೊಂಡಿತು. ಅಷ್ಟು ಬುದ್ಧಿಯುಳ್ಳ ಜೀವಿಗೆ ಒಂದು ಕೋಲು, ಒಂದು ಬಟ್ಟಲು ಮತ್ತು ದಿನವಿಡೀ ಏಕಾಂತವನ್ನು ಕೊಟ್ಟರೆ ಆಗುವುದೇನು? ಕಿರುಚುತ್ತದೆ, ಕಚ್ಚುತ್ತದೆ, ಕೊನೆಗೆ ತನ್ನ ಗರಿಗಳನ್ನು ತಾನೇ ಕಿತ್ತುಕೊಂಡು ಎದೆಯನ್ನು ಬೋಳಾಗಿಸಿಕೊಳ್ಳುತ್ತದೆ. ಮನೆಯವರು ಇದನ್ನು ಚರ್ಮರೋಗವೆಂದು ತಿಳಿದು ಎಣ್ಣೆ ಹಚ್ಚುತ್ತಾರೆ!

‘ನಾವು ಮಕ್ಕಳಂತೆ ಸಾಕಿದ್ದೇವೆ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಪ್ರೀತಿಯನ್ನು ನಾನು ಶಂಕಿಸುವುದಿಲ್ಲ, ತಿಳಿವಳಿಕೆಯನ್ನು ಶಂಕಿಸುತ್ತೇನೆ. ಬರಿಯ ಸೂರ್ಯಕಾಂತಿ ಬೀಜವನ್ನು ತಿಂದ ಗಿಳಿಗೆ ‘ಎ’ ಜೀವಸತ್ವದ ಕೊರತೆಯುಂಟಾಗುತ್ತದೆ. ಬೆಣ್ಣೆಹಣ್ಣು, ಚಾಕಲೇಟುಗಳು ಅದಕ್ಕೆ ವಿಷ. ಅಡುಗೆಮನೆಯಲ್ಲಿ ನಾನ್‌ಸ್ಟಿಕ್ ಬಾಣಲೆಯನ್ನು ಮರೆತು ಒಲೆಯ ಮೇಲೆ ಬಿಟ್ಟರೆ, ಅತಿಯಾಗಿ ಕಾದ ಲೇಪದಿಂದ ಏಳುವ ಅನಿಲವು ಮನುಷ್ಯರಿಗೆ ತಿಳಿಯುವ ಮೊದಲೇ ಹಕ್ಕಿಯನ್ನು ಕೊಲ್ಲಬಲ್ಲದು. ಗಾಳಿಚೀಲಗಳಿಂದ ಕೂಡಿದ ಅದರ ಶ್ವಾಸಾಂಗದ ರಚನೆಯೇ ಅಷ್ಟು ಸೂಕ್ಷ್ಮ. ಬೇಟೆಗೆ ಈಡಾಗುವ ಪ್ರಾಣಿಯಾದ್ದರಿಂದ ರೋಗವನ್ನು ಮರೆಮಾಚುವುದು ಅದರ ಸ್ವಭಾವ. ಬಳಲಿಕೆ ನಮ್ಮ ಕಣ್ಣಿಗೆ ಬೀಳುವಾಗ ಕಾಲ ಮಿಂಚಿರುತ್ತದೆ. ಹಾರಿಹೋಗದಿರಲೆಂದು ರೆಕ್ಕೆಗರಿಗಳನ್ನು ಕತ್ತರಿಸುವವರೂ ಉಂಟು. ಅದಕ್ಕೆ ನೋವಿಲ್ಲವೆನ್ನುತ್ತಾರೆ. ಆದರೆ ಛೇದವೂ ಅತಿಚಾರಗಳಲ್ಲಿ ಒಂದು ಎಂಬುದನ್ನು ವಿದ್ವಾಂಸರು ಇಂಥವರಿಗೆ ನೆನಪಿಸಬೇಕು.

ವ್ಯಾಪಾರಿಯಾದ ನನಗೆ ಇನ್ನೊಂದು ಲೆಕ್ಕ ತೋರುತ್ತದೆ. ಬೂದು ಗಿಳಿ ನಲವತ್ತು, ಐವತ್ತು ವರ್ಷ ಬದುಕಬಲ್ಲದು. ಮಕಾವ್ ಕೂಡ ಹಾಗೆಯೇ. ನನ್ನ ವಯಸ್ಸಿನವನು ಇಂದು ಮರಿಯೊಂದನ್ನು ತಂದರೆ ಅದು ಮೊಮ್ಮಕ್ಕಳ ಹೆಗಲಿಗೆ ಬೀಳುವ ಋಣ. ಜಾಮೀನುದಾರನಿಲ್ಲದೆ ಇಷ್ಟು ದೀರ್ಘ ಅವಧಿಯ ಸಾಲವನ್ನು ನಮ್ಮಲ್ಲಿ ಯಾರೂ ಕೊಡುವುದಿಲ್ಲ, ಪಡೆಯುವುದೂ ಇಲ್ಲ.

ಶಾಸ್ತ್ರದಲ್ಲಿ ಗಿಳಿಯ ಹೆಸರೇ ಇಲ್ಲವೆಂದು ವಾದಿಸುವವರಿಗೆ ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವನ್ನು ತೋರಿಸಬಹುದು. ಶ್ರಾವಕನು ಬಿಡಬೇಕಾದ ವೃತ್ತಿಗಳಲ್ಲಿ, ಹಣಕ್ಕಾಗಿ ಗೊರವಂಕ, ಗಿಳಿ, ನವಿಲು, ಕೋಳಿ ಮುಂತಾದವನ್ನು ಸಾಕುವುದನ್ನು ಅವರು ಸ್ಪಷ್ಟವಾಗಿ ಸೇರಿಸಿದ್ದಾರೆ. ಮಾರುವುದು ತಪ್ಪಾದರೆ ಕೊಳ್ಳುವುದು ಹೇಗೆ ನಿರ್ದೋಷವಾದೀತು?

ನಮ್ಮ ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ಈ ದೃಷ್ಟಿಯಿಂದ ಮತ್ತೆ ಓದಬೇಕು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಅರಸನು ನವಿಲಾಗಿ ಹುಟ್ಟಿ, ತನ್ನ ಮಗನ ಅರಮನೆಗೇ ಕಾಣಿಕೆಯಾಗಿ ಬರುತ್ತಾನೆ; ಅಲ್ಲಿಯೇ ನಾಯಿಯ ಬಾಯಿಗೆ ಸಿಕ್ಕಿ ಸಾಯುತ್ತಾನೆ. ಆ ನಾಯಿಯೂ ಹಿಂದಿನ ಜನ್ಮದ ತಾಯಿ. ಸಂಕಲ್ಪಹಿಂಸೆಯ ಫಲಕ್ಕೆ ದೃಷ್ಟಾಂತವೆಂದು ಮಾತ್ರ ಇದನ್ನು ವಿವರಿಸುವ ರೂಢಿಯಿದೆ. ಅರಮನೆಯ ಮುದ್ದಿನ ಹಕ್ಕಿಯ ಒಳಗೆ ಒಬ್ಬನಿದ್ದಾನೆ, ಅವನನ್ನು ಸಾಕಿದವರು ಅರಿಯರು ಎಂಬ ಸಂಗತಿಯನ್ನು ವ್ಯಾಖ್ಯಾನಕಾರರು ಬೇಗನೆ ದಾಟಿಬಿಡುತ್ತಾರೆ. ಕೊನೆಯ ತಿರ್ಯಗ್ಜನ್ಮದಲ್ಲಿ ಆ ಜೀವಗಳು ಕೋಳಿಗಳಾಗಿ, ಧರ್ಮವನ್ನು ಕೇಳಿ ಹರ್ಷದಿಂದ ಕೂಗುತ್ತವೆ; ಅದೇ ದನಿಯನ್ನು ಗುರಿಯಾಗಿಸಿ ಅರಸನು ಬಾಣವನ್ನೆಸೆದು ತನ್ನ ಶಬ್ದವೇಧಿ ವಿದ್ಯೆಯನ್ನು ಮೆರೆಸುತ್ತಾನೆ. ಹಕ್ಕಿಗೆ ಅದರ ಕೂಗೇ ಮುಳುವಾಯಿತು. ಗಿಳಿಗೂ ಅಷ್ಟೆ, ಮಾತು ಬಾರದಿದ್ದರೆ ಅದು ಪಂಜರಕ್ಕೆ ಬರುತ್ತಿರಲಿಲ್ಲ.

ಬಸದಿಯ ಟ್ರಸ್ಟುಗಳಿಗೆ ಒಂದು ಮಾತು. ಪರ್ವದಿನಗಳಲ್ಲಿ ಹಕ್ಕಿಗಳನ್ನು ಕೊಂಡು ಹಾರಿಬಿಟ್ಟು ಅಭಯದಾನವೆನ್ನುವ ರೂಢಿ ಕೆಲವೆಡೆ ಇದೆ. ಬೇಡಿಕೆ ಇದೆಯೆಂದೇ ಹಿಡಿಯುವವನು ಬಲೆ ಬೀಸುತ್ತಾನೆ. ನಾವು ಕೊಟ್ಟ ಹಣ ಮುಂದಿನ ಬಲೆಗೆ ಬಂಡವಾಳ. ನಮ್ಮ ನಾಡಿನ ಗಿಳಿಗಳ ಮಾರಾಟವು 1990ರ ದಶಕದ ಆರಂಭದಿಂದಲೇ ನಿಷಿದ್ಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಾದ ತಿದ್ದುಪಡಿಯ ಅನಂತರ ಅವುಗಳಿಗೆ ರಕ್ಷಣೆ ಇನ್ನೂ ಹೆಚ್ಚಿದೆ. ವಿದೇಶೀ ಹಕ್ಕಿಗಳ ಸ್ಥಿತಿ ಬೇರೆ. ಪಂಜರದಲ್ಲೇ ಹುಟ್ಟಿ ಬೆಳೆದ ಲವ್ ಬರ್ಡ್ಸ್, ಕಾಕಟೀಲ್‌ಗಳನ್ನು ಬಸದಿಯ ಅಂಗಳದಲ್ಲಿ ಹಾರಿಬಿಟ್ಟರೆ ಅವಕ್ಕೆ ಮೇವು ಹುಡುಕಲು ಬಾರದು, ಕಾಗೆ ಹದ್ದುಗಳಿಂದ ತಪ್ಪಿಸಿಕೊಳ್ಳಲೂ ಬಾರದು.

ದೆಹಲಿಯಲ್ಲಿ 1929ರಲ್ಲಿ ಆರಂಭವಾಗಿ ಇಂದು ಲಾಲ್ ಮಂದಿರದ ಆವರಣದಲ್ಲಿ ನಡೆಯುವ ಪಕ್ಷಿ ಚಿಕಿತ್ಸಾಲಯ ನಮ್ಮ ಸಮಾಜದ ಹೆಮ್ಮೆ. ಜೀವದಯೆಗೆಂದು ಮೀಸಲಿಟ್ಟ ಹಣವನ್ನು ನಮ್ಮ ಟ್ರಸ್ಟುಗಳೂ ಗಾಯಗೊಂಡ ಹಕ್ಕಿಗಳ ಚಿಕಿತ್ಸೆಗೆ ವಿನಿಯೋಗಿಸಬಹುದು. ಈಗಾಗಲೇ ಮನೆಗಳಲ್ಲಿರುವ ವಿದೇಶೀ ಗಿಳಿಗಳನ್ನು ಹೊರದೂಡಲಾಗದು. ಅವಕ್ಕೆ ರೆಕ್ಕೆ ಬಿಚ್ಚುವಷ್ಟು ವಿಶಾಲವಾದ ಜಾಗ, ಸೊಪ್ಪು ಹಣ್ಣುಗಳ ಆಹಾರ, ಕತ್ತಲೆಯಲ್ಲಿ ಹತ್ತು ಹನ್ನೆರಡು ಗಂಟೆಗಳ ನಿದ್ರೆ, ಪಕ್ಷಿವೈದ್ಯವನ್ನು ಬಲ್ಲ ವೈದ್ಯರ ತಪಾಸಣೆ ಇಷ್ಟಾದರೂ ಸಲ್ಲಬೇಕು. ಅವು ತೀರಿದ ಬಳಿಕ ಆ ಪಂಜರಕ್ಕೆ ಇನ್ನೊಂದನ್ನು ತರಬಾರದು.