ಹೆಬ್ಬಾಗಿಲ ಬರಹ ಮತ್ತು ಒಳಗಿನ ಗೋಡೆ

2024ರ ಫೆಬ್ರವರಿಯಲ್ಲಿ ಸಮಾಜ ಕಲ್ಯಾಣ ಇಲಾಖೆಯ ವಸತಿ ಶಾಲೆಗಳ ಹೆಬ್ಬಾಗಿಲ ಬರಹವೊಂದು ವಿವಾದವಾಯಿತು. ಕೈಮುಗಿದು ಒಳಗೆ ಬರುವಂತೆ ಹೇಳುತ್ತಿದ್ದ ಸಾಲಿನ ಬದಲು, ಧೈರ್ಯವಾಗಿ ಪ್ರಶ್ನಿಸುವಂತೆ ಹೇಳುವ ಸಾಲನ್ನು ಕೆಲವೆಡೆ ಬರೆಸಲಾಗಿತ್ತು. ಸಂಸ್ಕಾರ ಕೆಟ್ಟಿತೆಂದು ಕೆಲವರು, ವೈಚಾರಿಕತೆ ಬಂತೆಂದು ಕೆಲವರು ವಾದಿಸಿದರು. ಬಾಗಿಲು ದಾಟಿ ತರಗತಿಯ ಗೋಡೆಯನ್ನು ನೋಡಿದವರು ಕಡಿಮೆ. ಆದರೆ ಮಗು ಹೆಬ್ಬಾಗಿಲಲ್ಲಿ ಇರುವುದು ಅರೆಗಳಿಗೆ. ಗೋಡೆಯೆದುರು ಇಡೀ ದಿನ.

ನಮ್ಮ ಬಹುತೇಕ ಶಾಲೆಗಳ ಗೋಡೆ ಪೇಂಟರನ ಕೆಲಸ. ನಾಯಕರ ಚಿತ್ರ, ನುಡಿಮುತ್ತು, ಭೂಪಟ ಎಲ್ಲವೂ ದೊಡ್ಡವರ ಕಣ್ಣಿನ ಎತ್ತರದಲ್ಲಿ. ಅದನ್ನು ಓದುವವರು ತಪಾಸಣೆಗೆ ಬಂದ ಸಾಹೇಬರು. ಜ್ಞಾನವೆಂಬುದು ಮೊದಲೇ ಸಿದ್ಧವಾಗಿದೆ, ನೀನು ಕತ್ತೆತ್ತಿ ನೋಡಿದರೆ ಸಾಕು ಎಂದಷ್ಟೇ ಮಗುವಿಗೆ ತಿಳಿಯುತ್ತದೆ. ಪ್ರಶ್ನಿಸು ಎಂಬುದನ್ನೂ ಅದೇ ಎತ್ತರದಲ್ಲಿ ಬರೆಸಿದರೆ ಅದು ಇನ್ನೊಂದು ಆಜ್ಞೆ, ಅಷ್ಟೆ.

ಇದಕ್ಕೆ ಉತ್ತರ ನಮ್ಮಲ್ಲೇ ಇತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದ ನಲಿ-ಕಲಿ ಗೋಡೆಯನ್ನು ಕೆಳಕ್ಕಿಳಿಸಿತು. ನೆಲದಲ್ಲಿ ಕೂತ ಮಗುವಿನ ಕೈಗೆಟಕುವಂತೆ ಗೋಡೆಯುದ್ದಕ್ಕೂ ಕಪ್ಪುಹಲಗೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳೇ ಬರೆದ ಚಿತ್ರ. ಪಕ್ಕದಲ್ಲಿ ಕಲಿಕಾ ಏಣಿ. ಅಫಜಲಪುರ ತಾಲ್ಲೂಕಿನ ಮಣ್ಣೂರಿನಂತಹ ಊರುಗಳಿಗೆ ಈ ಏಣಿಯ ಬೆಲೆ ಹೆಚ್ಚು. ಈ ಸೀಮೆಯ ಎಷ್ಟೋ ಮನೆಯವರು ಪುಣೆ, ಮುಂಬೈಗಳಿಗೆ ಗುಳೆ ಹೋಗುತ್ತಾರೆ. ತಿಂಗಳುಗಟ್ಟಲೆ ಬಿಟ್ಟು ಬಂದ ಹುಡುಗಿ ತಾನು ನಿಂತ ಮೆಟ್ಟಿಲಿನಿಂದಲೇ ಮುಂದೆ ಹತ್ತಬಹುದು. ನಿನ್ನ ಜಾಗ ಹಾಗೇ ಇದೆ ಎಂದು ಗೋಡೆ ಹೇಳುತ್ತದೆ. ಯಾವ ನುಡಿಮುತ್ತೂ ಇದನ್ನು ಹೇಳಲಾರದು.

ಆದರೆ ಅದೇ ಗೋಡೆಯ ಪ್ರಗತಿ ನೋಟವನ್ನು ಮೇಷ್ಟ್ರು ಹಿಂದುಳಿದವರ ಪಟ್ಟಿಯಂತೆ ಓದಿ ಹೇಳಿದರೆ, ಏಣಿ ಓಟದ ಪಂದ್ಯವಾಗುತ್ತದೆ. ಹಾಗೆಯೇ ಜಾಗವಿದೆಯೆಂದು ಎಲ್ಲವನ್ನೂ ತುಂಬುವ ಉತ್ಸಾಹವೂ ಬೇಡ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲಂಕಾರ ತುಂಬಿದ ಕೋಣೆಯಲ್ಲಿ ಕಲಿತ ಪುಟ್ಟ ಮಕ್ಕಳು ಪಾಠದ ಪ್ರಶ್ನೆಗಳಲ್ಲಿ ಶೇ. 42ಕ್ಕೆ ಸರಿಯುತ್ತರ ಕೊಟ್ಟರೆ, ಬರಿಗೋಡೆಯ ಕೋಣೆಯಲ್ಲಿ ಶೇ. 55ಕ್ಕೆ ಕೊಟ್ಟರು.

ಉರ್ದು, ಕನ್ನಡ ಎರಡರಲ್ಲೂ ಓದಿದ ನಮಗೆ ಇನ್ನೊಂದು ಕೊರತೆಯೂ ಕಾಣುತ್ತದೆ. ಗಡಿ ಸೀಮೆಯ ಮಗು ಮನೆಯಲ್ಲಿ ದಖನಿಯನ್ನೋ ಲಂಬಾಣಿಯನ್ನೋ ಮರಾಠಿಯನ್ನೋ ಆಡುತ್ತದೆ. ಆ ಮಾತಿನ ಒಂದು ಪದಕ್ಕಾದರೂ ಚಪ್ಪರದಲ್ಲಿ ದಾರ ಸಿಗಬೇಡವೆ? ಇನ್ನು, ಈ ಕೈಗೆಟಕುವ ಗೋಡೆ ಇರುವುದೇ ಮೊದಲ ಮೂರು ತರಗತಿಗಳಿಗೆ. ನಾಲ್ಕಕ್ಕೆ ಕಾಲಿಟ್ಟ ಮಗು ಮತ್ತೆ ಕತ್ತೆತ್ತಿ ಕೂರುತ್ತದೆ.