ಸೇರಿಸಿ, ಹಿಂದಿರುಗಿಸಿ

ಅಮೆರಿಕದ ರೇ ಜಾನ್ಸನ್ ಅಂಚೆಪೆಟ್ಟಿಗೆಯನ್ನೇ ಕಲಾಶಾಲೆ ಮಾಡಿಕೊಂಡ ಕಲಾವಿದ. 1950ರ ದಶಕದಿಂದ ಆತ ಪತ್ರಿಕೆಯ ಚೂರು, ಮುಂದೆ ರಬ್ಬರ್ ಮೊಹರಿನ ಗುರುತು, ತಾನು ಬರೆದ ಮೊಲದ ತಲೆಗಳನ್ನು ಲಕೋಟೆಗೆ ತುಂಬಿ ಗೆಳೆಯರಿಗೂ ಅಪರಿಚಿತರಿಗೂ ಕಳಿಸುತ್ತಿದ್ದ. ಎಷ್ಟೋ ಪತ್ರಗಳಲ್ಲಿ ಒಂದೇ ಕೋರಿಕೆ: ನಿಮ್ಮದನ್ನೂ ಸೇರಿಸಿ ಹಿಂದಿರುಗಿಸಿ. ನನಗೆ ಅತಿ ಪ್ರಿಯವಾದದ್ದು ಈ ಕೋರಿಕೆಯೇ. ಚಿತ್ರ ಯಾರದೆಂಬ ಪ್ರಶ್ನೆಯೇ ಅಲ್ಲಿ ಕರಗುತ್ತದೆ. ಅಂಚೆಯ ಮುದ್ರೆ, ದಾರಿಯಲ್ಲಿ ಮಡಿಚಿದ ಮೂಲೆ, ಮಳೆಹನಿಯ ಕಲೆ, ಎಲ್ಲವೂ ಕೃತಿಯೊಳಗೆ ಸೇರಿಕೊಳ್ಳುತ್ತವೆ. ಮಾರುವುದಕ್ಕಲ್ಲ, ಕೊಡುವುದಕ್ಕೆಂದೇ ಮಾಡಿದ ಕಲೆಯಿದು. 1970ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಹೀಗೆ ಪತ್ರ ವಿನಿಮಯ ಮಾಡಿಕೊಂಡ ಬಳಗದ ಅಂಚೆಗಳನ್ನು ಗೋಡೆಗೇರಿಸಿತು.

ನೀವೂ ಒಂದು ಕಾರ್ಡು, ಕತ್ತರಿ, ಅಂಟು ತೆಗೆದುಕೊಳ್ಳಿ. ಬಹಳ ದಿನದಿಂದ ಮಾತಾಡದ ಗೆಳೆಯರ ವಿಳಾಸ ಬರೆದು, ಇವತ್ತೇ ಅಂಚೆ ಡಬ್ಬಿಗೆ ಹಾಕಿಬನ್ನಿ.