ಡೀಸೆಲ್ ಎಂಜಿನ್ ಹಿಂದಿನ ಮೊದಲ ಬೋಗಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು: ಈ ನಾಲ್ಕೂ ಊರುಗಳಲ್ಲಿ ರೈಲು ನಿಲ್ದಾಣವಿಲ್ಲ. ರೈಲು ಬೇಕೆಂದರೆ ಮೊದಲು ಬಸ್ ಹತ್ತಬೇಕು. ಚನ್ನಗಿರಿಯವರು ಭದ್ರಾವತಿಗೋ ದಾವಣಗೆರೆಗೋ ಹೋಗುತ್ತಾರೆ, ಹೊನ್ನಾಳಿ ನ್ಯಾಮತಿಯವರು ಶಿವಮೊಗ್ಗಕ್ಕೆ, ಜಗಳೂರಿನವರು ದಾವಣಗೆರೆಗೆ. ಹಾಗಾಗಿ ನಮ್ಮ ಕಡೆ ರೈಲೆಂದರೆ ಬೆಂಗಳೂರು ಮುಟ್ಟಿಸುವ ಗಾಡಿ, ಅಷ್ಟೇ. ಹತ್ತಿದ ಕೂಡಲೇ ಸೀಟು ಹಿಡಿಯುತ್ತೇವೆ, ಮೊಬೈಲ್ ತೆಗೆಯುತ್ತೇವೆ. ಆದರೆ ಸಂಗೀತ ಕೇಳುವುದನ್ನು ಕಲಿಯುವ ಹಾಗೆ ಲೋಕಲ್ ರೈಲಿಗೆ ಕಿವಿಗೊಡುವುದನ್ನೂ ಕಲಿಯಬಹುದು. ನನ್ನ ಮಟ್ಟಿಗೆ ಅದಕ್ಕೆ ಶಿವಮೊಗ್ಗ–ತಾಳಗುಪ್ಪ ಹಾದಿಗಿಂತ ಒಳ್ಳೆಯ ಪಾಠಶಾಲೆ ಹತ್ತಿರದಲ್ಲಿ ಇನ್ನೊಂದಿಲ್ಲ.

ಬೀರೂರಿನಿಂದ ಶಿವಮೊಗ್ಗಕ್ಕೆ ಹಳಿ ಬಂದದ್ದು 1899ರಲ್ಲಿ. ಅಲ್ಲಿಂದ ಮುಂದೆ ಕಾಡು ಸೀಳಿಕೊಂಡು ತಾಳಗುಪ್ಪ ಮುಟ್ಟಿದ್ದು ದಶಕಗಳ ನಂತರ, ಮೈಸೂರು ಸಂಸ್ಥಾನದ ಕಾಲದಲ್ಲೇ. ಮೀಟರ್ ಗೇಜ್ ಇದ್ದಾಗ ಈ ಹಾದಿಯಲ್ಲಿ ರೈಲ್ ಬಸ್ ಓಡುತ್ತಿತ್ತು. ಎಳೆಯಲು ಬೇರೆ ಎಂಜಿನ್ ಬೇಡದ, ಡೀಸೆಲ್ ಮೇಲೆ ತಾನೇ ಓಡುವ ಪುಟ್ಟ ಗಾಡಿ. ಜಪಾನಿನ ಹಳ್ಳಿಗಾಡಿನಲ್ಲಿ ಇಂಥವೇ ಗಾಡಿಗಳಿವೆ. ಟೋಕಿಯೊ ಪಕ್ಕದ ಚಿಬಾ ಪ್ರಾಂತ್ಯದ ಕೊಮಿನಾತೊ ರೈಲ್ವೆಗೆ 1961ರಲ್ಲಿ ಬರತೊಡಗಿದ ‘ಕಿಹಾ 200’ ಡೀಸೆಲ್ ಗಾಡಿಗಳಲ್ಲಿ ಕೂರುವುದಕ್ಕೆಂದೇ ರಸಿಕರು ಅಲ್ಲಿಗೆ ಹೋಗುತ್ತಾರೆ. ಅವರ ಹಳಿಯ ಅಗಲ 1067 ಮಿಲಿಮೀಟರ್, ನಮ್ಮ ಮೀಟರ್ ಗೇಜಿನದು 1000. ಅಂದರೆ ನಮ್ಮ ರೈಲ್ ಬಸ್ಸು ಆ ಕುಲಕ್ಕೇ ಸೇರಿದ್ದು. ಹಳಿ ಬ್ರಾಡ್ ಗೇಜ್ ಆದಾಗ ಅದು ಹೋಯಿತು. ಇಂಥದ್ದೊಂದನ್ನು ಓಡುವ ಸ್ಥಿತಿಯಲ್ಲಿ ಉಳಿಸಿಕೊಳ್ಳಬೇಕಿತ್ತು ಎಂಬ ಸಂಕಟ ನನಗೆ ಇಂದಿಗೂ ಇದೆ.

ಆಮೇಲೆ ಉಳಿದದ್ದು ಡೀಸೆಲ್ ಎಂಜಿನ್ ಎಳೆಯುವ ಗಾಡಿಗಳು. ಹಳಿಯ ಮೇಲೆ ವಿದ್ಯುತ್ ತಂತಿ ಕಂಡರೆ ನಿರಾಶರಾಗಬೇಡಿ. ತಂತಿಯ ಕೆಳಗೂ ಡೀಸೆಲ್ ಎಂಜಿನ್ ಬರುವುದುಂಟು. ಟಿಕೆಟ್ ಕೊಂಡ ಮೇಲೆ ಪ್ಲಾಟ್‌ಫಾರಂ ಉದ್ದಕ್ಕೂ ಮುಂದೆ ನಡೆದು ಎಂಜಿನ್ ಯಾವುದೆಂದು ನೋಡಿ. ಆಮೇಲೆ ಅದರ ಬೆನ್ನಿಗಿರುವ ಮೊದಲ ಜನರಲ್ ಬೋಗಿಯನ್ನೇ ಹತ್ತಿ.

ಕೇಳಬೇಕಾದ್ದು ಇಲ್ಲಿಂದ ಶುರು. ನಮ್ಮಲ್ಲಿ ಮುಖ್ಯವಾಗಿ ಎರಡು ಬಗೆಯ ದನಿಗಳಿವೆ. ಹಳೆಯದು ಆಲ್ಕೊ ಎಂಜಿನ್ನಿನದು. ಅಮೆರಿಕದಿಂದ 1962ರಲ್ಲಿ ಬಂದು, 1964ರಿಂದ ವಾರಾಣಸಿಯಲ್ಲಿ ತಯಾರಾದ ಡಬ್ಲ್ಯುಡಿಎಂ-2 ಇದೇ ಕುಲದ್ದು: 16 ಸಿಲಿಂಡರ್, 2600 ಅಶ್ವಶಕ್ತಿ. ನಿಂತಾಗ ನಿಮಿಷಕ್ಕೆ 400 ಸುತ್ತಿನಷ್ಟು ನಿಧಾನವಾಗಿ ಗುಡುಗುಡಿಸುತ್ತದೆ; ಪ್ರತಿ ಬಡಿತವೂ ಎದೆಗೆ ತಾಗುತ್ತದೆ. ಎರಡನೆಯದು ಇಎಂಡಿ ಎಂಬ ಬಗೆಯ ಎಂಜಿನ್ನಿನದು. ಹುಬ್ಬಳ್ಳಿ ಶೆಡ್ಡಿನ ಎಂಜಿನ್‌ಗಳು ಹೆಚ್ಚಾಗಿ ಈ ಬಗೆಯವು. ಟೂ-ಸ್ಟ್ರೋಕ್ ಆದ್ದರಿಂದ ಪ್ರತಿ ಸುತ್ತಿಗೂ ಪ್ರತಿ ಸಿಲಿಂಡರ್ ಉರಿಯುತ್ತದೆ. ಬಡಿತಗಳು ಒಂದರೊಳಗೊಂದು ಬೆರೆತು ಗುಂಯ್ ಎಂಬ ಒಂದೇ ಎಳೆಯಾಗುತ್ತವೆ. ಆಲ್ಕೊ ಈಗ ಅಪರೂಪ. ಸಿಕ್ಕಿದರೆ ಬೇರೆ ಕೆಲಸ ಬಿಟ್ಟು ಹತ್ತಿ.

ಗಾರ್ಡ್ ಹಸಿರು ಬಾವುಟ ತೋರಿಸಿದ ಮೇಲಿನ ಒಂದು ನಿಮಿಷ ಇಡೀ ಪ್ರಯಾಣದಲ್ಲೇ ಸೊಗಸಾದದ್ದು. ಲೋಕೊ ಪೈಲಟ್ ಕೈಯಲ್ಲಿನ ಹಿಡಿಕೆಗೆ ಎಂಟು ಹಂತಗಳು, ಅಂದರೆ ನಾಚ್‌ಗಳಿರುತ್ತವೆ. ಒಂದೊಂದು ನಾಚ್ ಏರಿಸಿದಾಗಲೂ ಎಂಜಿನ್ನಿನ ದನಿ ಮೊದಲು ಏರುತ್ತದೆ, ಗಾಡಿಯ ವೇಗ ಆಮೇಲೆ. ಡೀಸೆಲ್ ಯಂತ್ರ ನೇರವಾಗಿ ಚಕ್ರ ತಿರುಗಿಸುವುದಿಲ್ಲವಲ್ಲ. ಅದು ವಿದ್ಯುತ್ ಉತ್ಪಾದಿಸುತ್ತದೆ, ಆ ವಿದ್ಯುತ್ತಿನಿಂದ ಅಚ್ಚುಗಳ ಮೇಲಿನ ಮೋಟಾರುಗಳು ಓಡುತ್ತವೆ. ಆಲ್ಕೊ ಹೊರಟಾಗ ಏಳುವ ಕಪ್ಪು ಹೊಗೆಗೂ ಕಾರಣವಿದೆ: ಇಂಧನ ಥಟ್ಟನೆ ಹೆಚ್ಚುತ್ತದೆ, ಗಾಳಿ ತುಂಬುವ ಟರ್ಬೊ ವೇಗ ಹಿಡಿಯುವುದು ಸ್ವಲ್ಪ ತಡ. ಅಷ್ಟು ಹೊತ್ತು ಹೊಗೆ. ಕಣ್ಣು ಮುಚ್ಚಿಕೊಂಡು ಎಷ್ಟನೆಯ ನಾಚ್ ಎಂದು ಎಣಿಸುವುದನ್ನು ರೂಢಿಸಿಕೊಳ್ಳಿ. ಕೆಲವೇ ಪ್ರಯಾಣಗಳಲ್ಲಿ ಏರು ಬಂತೋ, ಇಳಿಜಾರು ಬಂತೋ, ಮುಂದಿನ ಸಿಗ್ನಲ್ ಕೆಂಪಾಯಿತೋ, ಎಲ್ಲವೂ ದನಿಯಲ್ಲೇ ಗೊತ್ತಾಗುತ್ತದೆ.

ಶಿವಮೊಗ್ಗದಿಂದ ಹೊರಟ ಗಾಡಿ ಕುಂಸಿ ದಾಟಿದ ಮೇಲೆ ಕಿಟಕಿಯ ಎರಡೂ ಕಡೆ ಮರಗಳು ಹತ್ತಿರ ಬರುತ್ತವೆ. ಅರಸಾಳಿನಲ್ಲಿ ಗಾಡಿ ನಿಂತರೆ ಹಳೆಯ ನಿಲ್ದಾಣದ ಕಟ್ಟಡ ನೋಡಿ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಮಾಲ್ಗುಡಿ ಸ್ಟೇಷನ್ ಮಾಡಿಕೊಂಡದ್ದು ಇದನ್ನೇ. 2020ರಲ್ಲಿ ರೈಲ್ವೆಯವರು ಅದನ್ನು ಮ್ಯೂಸಿಯಂ ಮಾಡಿದ್ದಾರೆ. ಆನಂದಪುರ, ಸಾಗರ ಜಂಬಗಾರು ಆಮೇಲೆ ಬರುತ್ತವೆ. ಒಂಟಿ ಹಳಿಯಾದ್ದರಿಂದ ಎಲ್ಲಾದರೂ ಕ್ರಾಸಿಂಗ್‌ಗೆ ಗಾಡಿ ನಿಂತೀತು. ಆ ಕಾಯುವಿಕೆಗೆ ಬೇಸರ ಪಡಬೇಡಿ. ಎಂಜಿನ್ ಸುಮ್ಮನೆ ಉಸಿರಾಡುವುದನ್ನು ಕೇಳಲು, ಬಿಸಿ ಎಣ್ಣೆಯ ವಾಸನೆ ಹಿಡಿಯಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಹಳೆಯ ಟಕ್-ಟಕ್ ಸದ್ದು ಮಾತ್ರ ಈಗ ಕಡಿಮೆ; ಹಳಿಗಳನ್ನು ಉದ್ದಕ್ಕೆ ಬೆಸುಗೆ ಹಾಕಿದ್ದಾರೆ. ನಿಲ್ದಾಣದಲ್ಲಿ ಹಳಿ ಕವಲೊಡೆಯುವ ಪಾಯಿಂಟ್‌ಗಳ ಮೇಲೆ ಹಾಯುವಾಗ ಅದು ಕೇಳಿಸುತ್ತದೆ.

ಜಗಳೂರಿನವರಿಗೆ ತಾಳಗುಪ್ಪ ದೂರವಾಯಿತು. ನಿಮಗೆ ಹರಿಹರ–ಹರಪನಹಳ್ಳಿ–ಕೊಟ್ಟೂರು ಹಾದಿಯಿದೆ. ಬಯಲು ಸೀಮೆಯಲ್ಲಿ ದನಿಯನ್ನು ತಡೆಯುವ ಮರಗಳಿಲ್ಲ, ಎಂಜಿನ್ನಿನ ಸದ್ದು ಹೊಲಗಳ ಮೇಲೆ ಬಲುದೂರ ಹರಡುತ್ತದೆ. ಅದರ ರುಚಿಯೇ ಬೇರೆ.

ಬಾಗಿಲಲ್ಲಿ ಜೋತುಬೀಳುವುದು, ಸೆಲ್ಫಿಗಾಗಿ ಹಳಿಗಿಳಿಯುವುದು ರಸಿಕತೆಯಲ್ಲ. ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಮಳೆ ಹಿಂದೆಗೆದ ಮೇಲಿನ ವಾರಗಳು ಅತ್ಯುತ್ತಮ. ತಡ ಮಾಡಬೇಡಿ: ದೇಶದ ಬ್ರಾಡ್ ಗೇಜ್ ಹಾದಿಗಳಿಗೆಲ್ಲ ವಿದ್ಯುತ್ ತಂತಿ ಎಳೆಯುವ ಕೆಲಸ ಮುಗಿಯುತ್ತ ಬಂದಿದೆ, ಡೀಸೆಲ್ ಎಂಜಿನ್ ಕಟ್ಟುತ್ತಿದ್ದ ವಾರಾಣಸಿ ಕಾರ್ಖಾನೆ ಈಗ ವಿದ್ಯುತ್ ಎಂಜಿನ್ ಕಟ್ಟುತ್ತಿದೆ. ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಈ ವರ್ಷವೇ ಹೋಗಿ ಬನ್ನಿ.